ಫರ್ಲಾಂಗು, ಹರದಾರಿ, ಯೋಜನ: ಪರಿವರ್ತಕದಲ್ಲಿ ಯಾವ ಸಂಖ್ಯೆ ಹಾಕಲಿ?

ಅಳತೆಗೋಲು
ಎಲ್ಲರಿಗೂ ನಮಸ್ಕಾರ. ಬಿಡುವಿದ್ದಾಗ ಒಂದು ಪುಟ್ಟ ಆ್ಯಪ್ ಬರೆಯುತ್ತಿದ್ದೇನೆ. ಯಾವುದೇ ಉದ್ದ ಕೊಟ್ಟರೂ ಬೇರೆ ಅಳತೆಯಲ್ಲಿ ಎಷ್ಟಾಗುತ್ತದೆ ಅಂತ ತೋರಿಸಬೇಕು, ಅಷ್ಟೇ. ಮೀಟರು, ಅಡಿ, ಮೈಲಿ ತಿರುಗಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ನನಗೆ ಬೇಕಿರುವುದು ಯಾರೂ ಹಾಕದೆ ಬಿಟ್ಟಿರುವ ಅಳತೆಗಳು: ಫರ್ಲಾಂಗು, ಸರಪಳಿ, ಮಾರು, ಹರದಾರಿ, ಗಾವುದ, ಯೋಜನ, ಫ್ಯಾದಮ್, ನಕ್ಷತ್ರಗಳ ದೂರ ಹೇಳುವ ಪಾರ್ಸೆಕ್ ಇಂಥವು.

ತೊಂದರೆ ಏನೆಂದರೆ, ಫರ್ಲಾಂಗಿಗೆ ಎಲ್ಲರೂ 201.168 ಮೀಟರ್ ಅನ್ನುತ್ತಾರೆ. ಯೋಜನಕ್ಕೆ ಬಂದರೆ ಒಬ್ಬರು 8 ಕಿ.ಮೀ., ಇನ್ನೊಬ್ಬರು 12, ಮತ್ತೊಬ್ಬರು 14. ಸದ್ಯಕ್ಕೆ 8 ಅಂತ ಹಾಕಿದೆ. ಆ್ಯಪ್ ಗಂಭೀರವಾಗಿ '1 ಯೋಜನ = 39.7678 ಫರ್ಲಾಂಗು' ಅಂತ ಉತ್ತರ ಕೊಟ್ಟಿತು. ಆ ನಾಲ್ಕು ದಶಮಾಂಶ ನೋಡಿ ನನಗೇ ನಗು ಬಂತು.

ಪ್ರಶ್ನೆ ಎರಡು. ಇಂಥವಕ್ಕೆ ಯಾವ ಸಂಖ್ಯೆ ಹಾಕಬೇಕು? ದಶಮಾಂಶ ಎಷ್ಟು ಸ್ಥಾನ ತೋರಿಸಬೇಕು? ವಿಚಿತ್ರ ಅಳತೆ ಯಾವುದಾದರೂ ಗೊತ್ತಿದ್ದರೆ ಅದನ್ನೂ ಹೇಳಿ.

ಬಿಟ್‌ಬೈಟ್
ಮೊದಲು ಎಲ್ಲವನ್ನೂ ಮೀಟರಿಗೆ ತನ್ನಿ, ಅಲ್ಲಿಂದ ಬೇಕಾದ ಅಳತೆಗೆ ಹೋಗಿ. 50 ಅಳತೆ ಇದ್ದರೆ 50 ಸಂಖ್ಯೆ ಸಾಕು. ಜೋಡಿ ಜೋಡಿಯಾಗಿ ಬರೆಯಲು ಹೊರಟರೆ 1225 ಜೋಡಿ ಆಗುತ್ತವೆ, ಅದರಲ್ಲಿ ಒಂದು ತಪ್ಪಿದರೂ ಹುಡುಕುವುದು ಕಷ್ಟ.

ಇನ್ನೊಂದು ಮಾತು. ಇಂಗ್ಲಿಷ್ ಅಳತೆಗಳೆಲ್ಲ ಈಗ ಕರಾರುವಾಕ್ಕು. 1959ರ ಒಪ್ಪಂದದ ಪ್ರಕಾರ ಒಂದು ಗಜ ಅಂದರೆ 0.9144 ಮೀಟರ್, ಹೆಚ್ಚಿಲ್ಲ ಕಡಿಮೆಯಿಲ್ಲ. ಹಾಗಾಗಿ ಇಂಚು 25.4 ಮಿ.ಮೀ., ಮೈಲಿ 1609.344 ಮೀ. ಇವನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳಿ. ತೆರೆಯ ಮೇಲೆ ತೋರಿಸುವಾಗ ಮಾತ್ರ ರೌಂಡ್ ಮಾಡಿ, ನಡುವೆ ಎಲ್ಲೂ ಮಾಡಬೇಡಿ.

ಹಳೇಸರಪಳಿ
ಅಡಿ ಅಂದಿರಲ್ಲ, ಯಾವ ಅಡಿ?

ಸುಮ್ನೆಬಂದೆ
ಅಡಿಯಲ್ಲೂ ಎರಡಾ ಸಾರ್? 😄

ಹಳೇಸರಪಳಿ
ಎರಡಕ್ಕಿಂತ ಜಾಸ್ತಿಯೇ ಇವೆ. ದೊಡ್ಡ ಗಲಾಟೆ ಮಾಡಿದ್ದು ಅಮೆರಿಕದ ಸರ್ವೇ ಅಡಿ. 1959ರಲ್ಲಿ ಅಂತರರಾಷ್ಟ್ರೀಯ ಅಡಿ 0.3048 ಮೀಟರ್ ಅಂತ ನಿಗದಿಯಾದಾಗ, ಅಲ್ಲಿನ ಭೂಮಾಪಕರು 'ನಮ್ಮ ಹಳೇ ನಕ್ಷೆಗಳ ಗತಿ ಏನು' ಅಂತ ಹಳೆಯದನ್ನೇ ಉಳಿಸಿಕೊಂಡರು. ಅದು 1200ನ್ನು 3937ರಿಂದ ಭಾಗಿಸಿದರೆ ಬರುವಷ್ಟು ಮೀಟರ್. ಎರಡಕ್ಕೂ ವ್ಯತ್ಯಾಸ ಹತ್ತು ಲಕ್ಷದಲ್ಲಿ ಎರಡು ಪಾಲು. 2022ರ ಕೊನೆಗೆ ಅದನ್ನು ಅಧಿಕೃತವಾಗಿ ಕೈಬಿಟ್ಟರು. ಆದರೆ ಹಳೇ ನಕ್ಷೆ, ಹಳೇ ಕಡತ ಎಲ್ಲಿ ಹೋಗುತ್ತವೆ? ಆ್ಯಪಿನಲ್ಲಿ ಎರಡನ್ನೂ ಬೇರೆ ಬೇರೆ ಹಾಕಿ.

ಸುಮ್ನೆಬಂದೆ
ಹತ್ತು ಲಕ್ಷದಲ್ಲಿ ಎರಡು! ಅದನ್ನು ಯಾರ್ರೀ ನೋಡ್ತಾರೆ.

ಹಳೇಸರಪಳಿ
ಕೋಣೆ ಅಳೆಯುವವರು ನೋಡುವುದಿಲ್ಲ. ನಕ್ಷೆಯ ನಿರ್ದೇಶಾಂಕ ಹಾಗಲ್ಲ. ಅದರ ಮೂಲಬಿಂದು ಎಲ್ಲೋ ದೂರ ಇರುತ್ತದೆ, ಸಂಖ್ಯೆ 20 ಲಕ್ಷ ಅಡಿ ಇರಬಹುದು. ಅಲ್ಲಿ ತಪ್ಪು ಅಡಿ ಬಳಸಿದರೆ ಬಿಂದು 4 ಅಡಿ ಆಚೆ ಹೋಗಿ ಕೂರುತ್ತದೆ. ನಾಲ್ಕು ಅಡಿ ಅಂದರೆ ಬೇಲಿ ಯಾರ ಜಾಗದಲ್ಲಿ ಬಂತು ಅನ್ನುವ ಜಗಳ.

ಮೂರುಗೇಣು
ಮೈಯಳತೆಗಳನ್ನು ಮರೆಯಬೇಡಿ. 2 ಗೇಣು = 1 ಮೊಳ, 4 ಮೊಳ = 1 ಮಾರು. ಮೊಳಕ್ಕೆ 24 ಅಂಗುಲ, ಹಾಗಾಗಿ ಮಾರಿಗೆ 96. ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ಬೆರಳ ತುದಿಗೆ ಒಂದು ಮಾರು. ಕಡಲಿನ ಆಳ ಅಳೆಯುವ ಫ್ಯಾದಮ್ ಕೂಡ ಹಾಗೆ ಹುಟ್ಟಿದ್ದೇ. ಈಗ ಅದು 6 ಅಡಿ, ಅಂದರೆ 1.8288 ಮೀ.

ದಶಮಾಂಶ
@ಮೂರುಗೇಣು ಇಲ್ಲೇ ಒಂದು ಗುಂಡಿ ಇದೆ. ಮೊಳ ಸುಮಾರು 18 ಇಂಚು. ಅದರಲ್ಲಿ 24 ಅಂಗುಲ ಇದ್ದರೆ ಒಂದು ಅಂಗುಲ ಮುಕ್ಕಾಲು ಇಂಚು, ಸುಮಾರು 1.9 ಸೆಂ.ಮೀ. ಆದರೆ ಇವತ್ತು ನಾವು ಇಂಚಿಗೂ ಅಂಗುಲ ಅಂತಲೇ ಹೇಳುತ್ತೇವೆ. ಬಳಸುವವರು '24 ಅಂಗುಲ' ಅಂತ ಹಾಕಿದರೆ ಆ್ಯಪ್ 61 ಸೆಂ.ಮೀ. ಕೊಡಬೇಕಾ, 45.7 ಕೊಡಬೇಕಾ? ಮೂರರಲ್ಲಿ ಒಂದು ಪಾಲಿನಷ್ಟು ಎಡವಟ್ಟು.

ಅಳತೆಗೋಲು
ಇದು ಹೊಳೆದೇ ಇರಲಿಲ್ಲ. 'ಅಂಗುಲ (ಹಳೆಯದು)' ಮತ್ತು 'ಇಂಚು' ಅಂತ ಬೇರೆ ಮಾಡುತ್ತೇನೆ.

ಖಗೋಳಪ್ರಿಯ
ಯೋಜನದ ವಿಷಯಕ್ಕೆ ಬರೋಣ. ಅದಕ್ಕೆ ಒಂದೇ ಸಂಖ್ಯೆ ಇಲ್ಲ, ಇರಲೂ ಇಲ್ಲ. ಆರ್ಯಭಟ 8000 ಪುರುಷ ಪ್ರಮಾಣಕ್ಕೆ ಒಂದು ಯೋಜನ ಅನ್ನುತ್ತಾನೆ, ಒಂದು ಪುರುಷ ಪ್ರಮಾಣಕ್ಕೆ 96 ಅಂಗುಲ. ಅಂದರೆ ಮೇಲೆ ಹೇಳಿದ ಮಾರೇ. ಭೂಮಿಯ ವ್ಯಾಸ 1050 ಯೋಜನ ಅಂತ ಅವನ ಲೆಕ್ಕ. ಸೂರ್ಯಸಿದ್ಧಾಂತ ಅನ್ನುವ ಹಳೇ ಖಗೋಳ ಗ್ರಂಥ ಅದೇ ಭೂಮಿಗೆ 1600 ಯೋಜನ ಅನ್ನುತ್ತದೆ. ಭೂಮಿ ಅದೇ, ಬದಲಾದದ್ದು ಯೋಜನ.

ನಮಗೆ ಗೊತ್ತಿರುವ ವ್ಯಾಸ 12,742 ಕಿ.ಮೀ. ಆರ್ಯಭಟನ ಯೋಜನ ಸುಮಾರು 12.1 ಕಿ.ಮೀ. ಬರುತ್ತದೆ, ಸೂರ್ಯಸಿದ್ಧಾಂತದ್ದು ಸುಮಾರು 8. ನಿಮಗೆ ಸಿಕ್ಕ 8, 12 ಎರಡೂ ಇಲ್ಲಿಂದಲೇ ಬಂದಿರಬೇಕು.

ಸುಮ್ನೆಬಂದೆ
ಅಂದ್ರೆ ಆರ್ಯಭಟನ ಲೆಕ್ಕ ಪಕ್ಕಾ ಸರಿ ಇತ್ತು ಅಂತಾಯ್ತು! 12.1 ಹಾಕಿ ಮುಗಿಸಿ.

ದಶಮಾಂಶ
ಅಯ್ಯೋ, ಇದು ಸುತ್ತುಬಳಸಿ ಹೊರಟಲ್ಲಿಗೇ ಬರುವ ವಾದ. ಇವತ್ತಿನ ವ್ಯಾಸವನ್ನು 1050ರಿಂದ ಭಾಗಿಸಿ ಯೋಜನ ಪಡೆದಿರಿ. ಆಮೇಲೆ ಆ ಯೋಜನವನ್ನು 1050ಕ್ಕೆ ಗುಣಿಸಿ 'ನೋಡಿ, ಇವತ್ತಿನ ವ್ಯಾಸವೇ ಬಂತು' ಅನ್ನುತ್ತೀರಿ. ಬರದೆ ಇನ್ನೇನು ಬರುತ್ತೆ? ಹೀಗೆ ಮಾಡಿದರೆ ಯಾವ ಸಂಖ್ಯೆಯೂ ನಿಖರವೇ.

ಯೋಜನವನ್ನು ಬೇರೆ ದಾರಿಯಲ್ಲಿ ಅಳೆದು ನೋಡಿ. ಮಾರಿಗೆ 6 ಅಡಿ ಹಿಡಿದರೆ 8000 ಮಾರು 14.6 ಕಿ.ಮೀ. ಅದನ್ನು 1050ಕ್ಕೆ ಗುಣಿಸಿದರೆ ವ್ಯಾಸ 15,000 ಕಿ.ಮೀ. ದಾಟುತ್ತದೆ. 12,742 ಬರಬೇಕಾದರೆ ಮಾರು 5 ಅಡಿಗಿಂತ ಚೂರು ಕಡಿಮೆ ಇರಬೇಕು. ಇದರಲ್ಲಿ ಯಾವುದು ಅವನ ಮನಸ್ಸಿನಲ್ಲಿತ್ತು ಅಂತ ಈ ಎರಡು ಸಂಖ್ಯೆಗಳಿಂದಷ್ಟೇ ಹೇಳಲು ಆಗುವುದಿಲ್ಲ.

ಖಗೋಳಪ್ರಿಯ
@ದಶಮಾಂಶ ನಾನು 'ನಿಖರ' ಅನ್ನಲಿಲ್ಲ ಮಾರಾಯ್ರೆ, ಅದು ಅವರ ಮಾತು. 8 ಮತ್ತು 12 ಎಲ್ಲಿಂದ ಬಂದವು ಅಂತ ಮಾತ್ರ ಹೇಳಿದೆ. ಗ್ರೀಕರ ಕಡೆಯೂ ಇದೇ ಕಥೆ ಇದೆ. ಎರಟೋಸ್ತನೀಸ್ ಭೂಮಿಯ ಸುತ್ತಳತೆ 2,52,000 ಸ್ಟೇಡಿಯಾ (ಗ್ರೀಕರ ಹಳೇ ಉದ್ದದ ಅಳತೆ) ಅಂದ ಅಂತ ಪ್ರಸಿದ್ಧಿ. ಸ್ಟೇಡಿಯಾಕ್ಕೆ 157.5 ಮೀಟರ್ ಹಿಡಿದರೆ 39,690 ಕಿ.ಮೀ., ಹತ್ತಿರ ಹತ್ತಿರ ಸರಿ. 185 ಮೀಟರ್ ಹಿಡಿದರೆ 46,620. ಹೊಗಳಬೇಕಾದವರು ಮೊದಲನೆಯದನ್ನು ಹಿಡಿಯುತ್ತಾರೆ.

ಬಿಟ್‌ಬೈಟ್
ಆ್ಯಪಿಗೆ ಬೇಕಾದ ಉತ್ತರ ಇದರಲ್ಲೇ ಇದೆ. ಪ್ರತಿ ಅಳತೆಗೆ ಒಂದು ಸಂಖ್ಯೆ ಬದಲು ಎರಡು ಇಡಿ: ಕನಿಷ್ಠ, ಗರಿಷ್ಠ. ಫರ್ಲಾಂಗಿಗೆ ಎರಡೂ ಒಂದೇ. ಯೋಜನಕ್ಕೆ 8 ಮತ್ತು 14.6. '1 ಯೋಜನ = ಸುಮಾರು 40ರಿಂದ 73 ಫರ್ಲಾಂಗು' ಅಂತ ತೋರಿಸಲಿ. ದಶಮಾಂಶದ ತಲೆನೋವೇ ಇಲ್ಲ.

ಅಳತೆಗೋಲು
ಒಳ್ಳೆ ಐಡಿಯಾ. ಆದರೆ ಹಾಗೆ ತೋರಿಸಿದರೆ ಜನ 'ಈ ಆ್ಯಪಿಗೇ ಸರಿಯಾಗಿ ಗೊತ್ತಿಲ್ಲ' ಅಂತ ಒಂದು ಸ್ಟಾರ್ ಕೊಟ್ಟು ಹೋಗಲ್ವಾ?

ದಶಮಾಂಶ
ಕೊಡಲಿ ಬಿಡಿ. ಸುಳ್ಳು ದಶಮಾಂಶ ಕೊಟ್ಟು ಐದು ಸ್ಟಾರ್ ತಗೊಳ್ಳುವುದಕ್ಕಿಂತ ವಾಸಿ.

ಮೂರುಗೇಣು
ಹರದಾರಿಗೂ ಹಾಗೇ ಮಾಡಿ. ನಿಘಂಟುಗಳಲ್ಲಿ ಮೂರು ಮೈಲಿ ಅಂತ ಸಿಗುತ್ತದೆ, ಆದರೆ ನಡೆದು ಅಂದಾಜಿಸಿದ ದೂರ ಅದು. ಗಾವುದವೂ ಅಂದಾಜಿನದೇ. ಹರದಾರಿಗೆ '4.828032 ಕಿ.ಮೀ.' ಅಂತ ಬರೆದರೆ ಮೂರ್ಖತನ. 'ಸುಮಾರು 5 ಕಿ.ಮೀ.' ಸಾಕು.

ಕೂಗಳತೆಯನ್ನೂ ಸೇರಿಸಿ ಅಂತ ನನ್ನ ಬೇಡಿಕೆ 😀

ಸುಮ್ನೆಬಂದೆ
ಕೂಗಳತೆ ಕೂಗುವವರ ಮೇಲೆ ಹೋಗುತ್ತೆ. ನಮ್ಮ ದೊಡ್ಡಮ್ಮನ ಕೂಗಳತೆ ಅಂದರೆ ಎರಡು ಫರ್ಲಾಂಗಂತೂ ಗ್ಯಾರಂಟಿ.

ಉತ್ತರದಿಕ್ಕು
ನಗಬೇಡಿ, ಫಿನ್ಲೆಂಡಿನ ಕಡೆ 'ಪೊರೊನ್‌ಕುಸೆಮ' ಅಂತ ಹಳೇ ಅಳತೆಯೇ ಇದೆ. ಹಿಮಸಾರಂಗ ಉಚ್ಚೆ ಹೊಯ್ಯಲು ನಿಲ್ಲದೆ ಒಂದೇ ಸಮನೆ ಎಷ್ಟು ದೂರ ಹೋಗುತ್ತದೋ ಅಷ್ಟು. ಸುಮಾರು 7.5 ಕಿ.ಮೀ. ಅನ್ನುತ್ತಾರೆ. ಸ್ವೀಡನ್, ನಾರ್ವೆ ಕಡೆ ಈಗಲೂ 'ಮಿಲ್' ಅಂದರೆ 10 ಕಿ.ಮೀ. ಅವರು 'ಐದು ಮಿಲ್ ದೂರ' ಅಂದಾಗ ಇಂಗ್ಲಿಷ್ ಮೈಲಿ ಅಂದುಕೊಂಡು ನಡೆದೇ ಹೊರಟರೆ ಕೆಟ್ಟಿರಿ.

ಸುಮ್ನೆಬಂದೆ
ಸೂರ್ಯಸಿದ್ಧಾಂತದ ಒಂದು ಯೋಜನಕ್ಕೆ ಹಿಮಸಾರಂಗ ಒಂದು ಸಲ ನಿಲ್ಲಬೇಕು ಅಂತಾಯ್ತು. ಪರಿವರ್ತನೆ ಮುಗೀತು.

ತಂತಿಜಾಲ
ಒಂದು ಮಜಾ ಹೊಂದಾಣಿಕೆ. ಸರ್ವರ್ ರ‍್ಯಾಕಿನ ಒಂದು ಯೂನಿಟ್ಟಿನ ಎತ್ತರ 1.75 ಇಂಚು, 44.45 ಮಿ.ಮೀ. ರಷ್ಯದ ಹಳೇ ಅಳತೆ ವೆರ್ಶೋಕ್ ಕೂಡ ಕರಾರುವಾಕ್ಕಾಗಿ ಅಷ್ಟೇ! ಅರ್ಶಿನ್ ಅಂದರೆ 28 ಇಂಚು, ಅದರಲ್ಲಿ 16ನೇ ಒಂದು ಪಾಲು ವೆರ್ಶೋಕ್. 42 ಯೂನಿಟ್ ರ‍್ಯಾಕ್ ಅಂದರೆ 42 ವೆರ್ಶೋಕ್. ಆ್ಯಪಿನಲ್ಲಿ ಎರಡೂ ಇರಲಿ, ಒಬ್ಬರಾದರೂ ಗಮನಿಸಿ ತಲೆ ಕೆರೆದುಕೊಳ್ಳುತ್ತಾರೆ.

ಪಾದರಕ್ಷಕ
ಶೂ ಸೈಜು ಹಾಕಿ! ಅದೂ ಉದ್ದದ ಅಳತೆಯೇ. ಬ್ರಿಟನ್ ಸೈಜು ಒಂದೊಂದು ಹೆಚ್ಚಿದಂತೆ ಉದ್ದ ಮೂರನೇ ಒಂದು ಇಂಚು ಹೆಚ್ಚುತ್ತದೆ. ಆ ಮೂರನೇ ಒಂದು ಇಂಚಿಗೆ ಬಾರ್ಲಿಕಾಳು ಅಂತಲೇ ಹೆಸರು. ಯುರೋಪಿನ ಸೈಜಿಗೆ ಒಂದು ಹೆಜ್ಜೆ ಅಂದರೆ ಸೆಂಟಿಮೀಟರಿನ ಮೂರರಲ್ಲಿ ಎರಡು ಪಾಲು.

ಲೆಕ್ಕ ಸುಲಭ. ಶೂ ಹೊಲಿಯುವ ಅಚ್ಚಿನ ಉದ್ದ ಇಂಚಿನಲ್ಲಿ ತಗೊಂಡು ಮೂರರಿಂದ ಗುಣಿಸಿ 25 ಕಳೆಯಿರಿ, ದೊಡ್ಡವರ ಬ್ರಿಟನ್ ಸೈಜು ಬರುತ್ತದೆ. ಅದೇ ಉದ್ದ ಸೆಂ.ಮೀ.ನಲ್ಲಿ ತಗೊಂಡು ಒಂದೂವರೆಯಿಂದ ಗುಣಿಸಿದರೆ ಯುರೋಪಿನದು. ಸೈಜು 8 ನೋಡಿ: 8 + 25 = 33, ಮೂರರಿಂದ ಭಾಗಿಸಿದರೆ 11 ಇಂಚು. ಅಂದರೆ 27.94 ಸೆಂ.ಮೀ. ಒಂದೂವರೆಯಿಂದ ಗುಣಿಸಿ, 41.9. ಡಬ್ಬದ ಮೇಲೆ 42 ಅಂತ ಇರುತ್ತದೆ.

ಬಿಟ್‌ಬೈಟ್
@ಪಾದರಕ್ಷಕ ಚೆನ್ನಾಗಿದೆ. ಆದರೆ ಇದು ಬರೀ ಗುಣಿಸುವ ಅಳತೆಯಲ್ಲ, 25 ಕಳೆಯಲೂ ಬೇಕು. ಸೈಜು 4ರ ಎರಡರಷ್ಟು ಉದ್ದ ಸೈಜು 8 ಅಲ್ಲ. ಅಳತೆಗೋಲು ಅವರ ಕೋಡಿನಲ್ಲಿ ಇದಕ್ಕೆ ಬೇರೆ ದಾರಿ ಬೇಕು, ತಾಪಮಾನ ತಿರುಗಿಸುವ ಹಾಗೆ.

ಲಗಾಮು
ಕುದುರೆಯ ಎತ್ತರವನ್ನೂ ಎಚ್ಚರಿಕೆಯಿಂದ ಹಾಕಿ. ಒಂದು 'ಹ್ಯಾಂಡ್' 4 ಇಂಚು. 15.2 ಅಂತ ಬರೆದಿದ್ದರೆ ಅದು 15 ಪಾಯಿಂಟ್ 2 ಅಲ್ಲ, 15 ಹ್ಯಾಂಡ್ ಮತ್ತು 2 ಇಂಚು, ಒಟ್ಟು 62 ಇಂಚು. 15.3 ಆದ ಮೇಲೆ 16. 15.4 ಅನ್ನುವುದೇ ಇಲ್ಲ. ದಶಮಾಂಶ ಅಂದುಕೊಂಡು ಗುಣಿಸಿದ ಆ್ಯಪ್‌ಗಳನ್ನು ನೋಡಿದ್ದೇನೆ, ಕುದುರೆ ಒಂದು ಇಂಚಿಗಿಂತ ಜಾಸ್ತಿ ಗಿಡ್ಡ ಆಗಿರುತ್ತದೆ.

ದಶಮಾಂಶ
ನನ್ನ ಹೆಸರಿಗೇ ಅವಮಾನ ಇದು.

ಚುಕ್ಕಿಪುಟ
ಜ್ಯೋತಿರ್ವರ್ಷ ಹಾಕ್ತೀರಾ? ಅದು ಕಾಲದ ಅಳತೆ ಅಲ್ವಾ?

ಖಗೋಳಪ್ರಿಯ
ಅಲ್ಲ, ದೂರದ್ದೇ. ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು, ಸುಮಾರು 9.46 ಲಕ್ಷ ಕೋಟಿ ಕಿ.ಮೀ. ಇಲ್ಲೂ 'ಯಾವ ವರ್ಷ' ಅಂತ ಕೇಳಬೇಕು: 365.25 ದಿನದ ವರ್ಷ. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್ ಅಂತ ನಿಗದಿಯಾಗಿದೆ. 1983ರಿಂದ ಮೀಟರನ್ನೇ ಅದರಿಂದ ಹೇಳುವುದು, ಹಾಗಾಗಿ ಜ್ಯೋತಿರ್ವರ್ಷವೂ ಕರಾರುವಾಕ್ಕು. ಭೂಮಿಯಿಂದ ಸೂರ್ಯನ ಸರಾಸರಿ ದೂರದ ಖಗೋಳ ಮಾನಕ್ಕೂ 2012ರಲ್ಲಿ 1,49,59,78,70,700 ಮೀಟರ್ ಅಂತ ಗೂಟ ಹೊಡೆದರು.

ಈಗ ಕೇಳಿ. ಒಂದು ಜ್ಯೋತಿರ್ವರ್ಷದಲ್ಲಿ ಸುಮಾರು 63,241 ಖಗೋಳ ಮಾನ. ಒಂದು ಮೈಲಿಯಲ್ಲಿ 63,360 ಇಂಚು. ಹತ್ತಿರ ಹತ್ತಿರ ಒಂದೇ! ಯಾವ ಕಾರಣವೂ ಇಲ್ಲ, ಬರೀ ಕಾಕತಾಳೀಯ. ಆದರೆ ನೆನಪಿಟ್ಟುಕೊಳ್ಳಲು ಬಹಳ ಉಪಯೋಗ. ಸೂರ್ಯ ಭೂಮಿಯಿಂದ ಒಂದು ಇಂಚು ದೂರ ಅಂತ ಕಾಗದದ ಮೇಲೆ ಎರಡು ಚುಕ್ಕಿ ಇಟ್ಟರೆ, ಸೂರ್ಯನ ನಂತರದ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ನಾಲ್ಕೂಕಾಲು ಮೈಲಿ ಆಚೆ.

ಚುಕ್ಕಿಪುಟ
ಅಬ್ಬಾ. ಕಿಲೋಮೀಟರಿನ ಸೊನ್ನೆ ಎಣಿಸಿದಾಗ ಇಷ್ಟು ಅರ್ಥ ಆಗಿರಲಿಲ್ಲ.

ಮೂರುಗೇಣು
ಮೈಲಿ-ಕಿಲೋಮೀಟರಿಗೂ ಒಂದು ಉಪಾಯ ಇದೆ. ಫಿಬೊನಾಚಿ ಸಾಲು, ಪ್ರತಿ ಸಂಖ್ಯೆ ಹಿಂದಿನೆರಡರ ಮೊತ್ತ: 1, 2, 3, 5, 8, 13, 21, 34, 55. ಒಂದು ಸಂಖ್ಯೆ ಮೈಲಿ ಆದರೆ ಮುಂದಿನದು ಕಿಲೋಮೀಟರ್. 5 ಮೈಲಿ 8 ಕಿ.ಮೀ., 13 ಮೈಲಿ 21 ಕಿ.ಮೀ. ಆ ಸಾಲಿನ ಅನುಪಾತ 1.618ರ ಹತ್ತಿರ, ನಮಗೆ ಬೇಕಿರುವುದು 1.609.

ಬಿಟ್‌ಬೈಟ್
40 ಮೈಲಿ ಬಂದರೆ? 34 + 5 + 1 ಅಂತ ಒಡೆದು ಪ್ರತಿಯೊಂದಕ್ಕೂ ಮುಂದಿನದು ಹಾಕಿ: 55 + 8 + 2 = 65. ನಿಜವಾದದ್ದು 64.4. ಪರವಾಗಿಲ್ಲ, ಆದರೆ ಇಷ್ಟೆಲ್ಲ ಮಾಡುವ ಹೊತ್ತಿಗೆ 1.6ರಿಂದ ಗುಣಿಸಿ 64 ಅಂತ ಹೇಳಿ ಮುಗಿಸಬಹುದಿತ್ತು.

ಮೂರುಗೇಣು
ರಸಭಂಗ ಮಾಡೋದರಲ್ಲಿ ನೀವು ಎತ್ತಿದ ಕೈ ಬಿಡಿ.

ಕಡಲತಡಿ
ನಾಟಿಕಲ್ ಮೈಲಿಯನ್ನು ಮೈಲಿಯ ಜೊತೆ ಕಲಸಬೇಡಿ. ಅದು 1852 ಮೀಟರ್, 1929ರಲ್ಲಿ ನಿಗದಿಯಾದದ್ದು. ಮೂಲ ಯೋಚನೆ ಅಕ್ಷಾಂಶದ ಒಂದು ಮಿನಿಟಿನಷ್ಟು ದೂರ ಅಂತ. ಭೂಮಿ ಪೂರ್ತಿ ಗುಂಡಗಿಲ್ಲದ ಕಾರಣ ಆ ದೂರ ಸಮಭಾಜಕದ ಹತ್ತಿರ ಸುಮಾರು 1843, ಧ್ರುವದ ಹತ್ತಿರ ಸುಮಾರು 1862. ಅದಕ್ಕೇ ನಡುವಿನ ಒಂದು ಸಂಖ್ಯೆಗೆ ಒಪ್ಪಿಕೊಂಡರು. ಅದರ ಹತ್ತನೇ ಒಂದು ಪಾಲು ಕೇಬಲ್.

ಸುಮ್ನೆಬಂದೆ
ಸ್ಮೂಟ್ ಯಾರೂ ಹೇಳಲೇ ಇಲ್ಲ! 1958ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು ಆಲಿವರ್ ಸ್ಮೂಟ್ ಅನ್ನುವ ಹುಡುಗನನ್ನು ಹಾರ್ವರ್ಡ್ ಸೇತುವೆ ಮೇಲೆ ಉದ್ದಕ್ಕೂ ಮಲಗಿಸಿ, ಎಬ್ಬಿಸಿ, ಮತ್ತೆ ಮಲಗಿಸಿ ಅಳೆದರು. ಅವನ ಎತ್ತರ 5 ಅಡಿ 7 ಇಂಚು. ಸೇತುವೆ 364.4 ಸ್ಮೂಟ್, 'ಒಂದು ಕಿವಿ ಹೆಚ್ಚು ಕಡಿಮೆ'. ಅದೇ ಹುಡುಗ ದೊಡ್ಡವನಾದ ಮೇಲೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒಗೆ ಅಧ್ಯಕ್ಷನಾದ.

ದಶಮಾಂಶ
'ಒಂದು ಕಿವಿ ಹೆಚ್ಚು ಕಡಿಮೆ' ಅಂತ ಬರೆದರಲ್ಲ, ಅದು ಮುಖ್ಯ. ತಮಾಷೆಗೆ ಅಳೆದವರೂ ಎಷ್ಟು ತಪ್ಪಿರಬಹುದು ಅಂತ ಹೇಳಿದ್ದಾರೆ. ನಮ್ಮ ಪರಿವರ್ತಕಗಳಿಗೆ ಅಷ್ಟೂ ಸೌಜನ್ಯ ಇಲ್ಲ.

ತಂತಿಜಾಲ
ತಮಾಷೆ ಅಂದರೆ ಇದನ್ನೂ ಸೇರಿಸಿ: ಹದಿನೈದು ದಿನಕ್ಕೆ ಒಂದು ಫರ್ಲಾಂಗು ವೇಗ. ಕೇಳಿದರೆ ಹುಚ್ಚು ಅನಿಸುತ್ತೆ, ಆದರೆ ಲೆಕ್ಕ ಹಾಕಿದರೆ ಸರಿಸುಮಾರು ನಿಮಿಷಕ್ಕೆ ಒಂದು ಸೆಂಟಿಮೀಟರ್.

ಹಳೇಸರಪಳಿ
@ತಂತಿಜಾಲ ನಿಮ್ಮ ಲೆಕ್ಕ ಕೂಡುವುದಿಲ್ಲ. 201.168 ಮೀಟರನ್ನು 15 ದಿನದ 21,600 ನಿಮಿಷಕ್ಕೆ ಹಂಚಿದರೆ 0.93 ಸೆಂ.ಮೀ.

ತಂತಿಜಾಲ
ಇಂಗ್ಲಿಷಿನ ಫೋರ್ಟ್‌ನೈಟ್ 14 ದಿನ ಸಾರ್. 20,160 ನಿಮಿಷ. ಆಗ 0.998.

ಹಳೇಸರಪಳಿ
ಹಾಗಿದ್ದರೆ ಹದಿನಾಲ್ಕು ಅಂತಲೇ ಬರೆಯಬೇಕಿತ್ತು. ಇಡೀ ಚರ್ಚೆ ನಡೆಯುತ್ತಿರುವುದೇ ಅದರ ಮೇಲೆ.

ಇರಲಿ, ಸರಪಳಿಯ ಬಗ್ಗೆ ಹೇಳಲು ಬಿಟ್ಟಿದ್ದೆ. ಎಡ್ಮಂಡ್ ಗಂಟರ್ 1620ರ ಸುಮಾರಿಗೆ ತಂದದ್ದು. 66 ಅಡಿ, 100 ಕೊಂಡಿ. 10 ಸರಪಳಿಗೆ ಒಂದು ಫರ್ಲಾಂಗು, 80ಕ್ಕೆ ಒಂದು ಮೈಲಿ. 66 ಎಂಥ ವಿಚಿತ್ರ ಸಂಖ್ಯೆ ಅನಿಸುತ್ತದೆ. ಆದರೆ 10 ಚದರ ಸರಪಳಿಗೆ ಸರಿಯಾಗಿ ಒಂದು ಎಕರೆ. 6 ಸರಪಳಿ 25 ಕೊಂಡಿ ಉದ್ದ, 4 ಸರಪಳಿ 40 ಕೊಂಡಿ ಅಗಲದ ಜಾಗ ಇದೆ ಅನ್ನಿ. 6.25ನ್ನು 4.40ರಿಂದ ಗುಣಿಸಿ, 27.5. ಚುಕ್ಕಿ ಒಂದು ಸ್ಥಾನ ಹಿಂದಕ್ಕೆ ತಳ್ಳಿ, 2.75 ಎಕರೆ. ಅಡಿಯಲ್ಲಿ ಮಾಡಿದ್ದರೆ 43,560ರಿಂದ ಭಾಗಿಸುತ್ತಾ ಕೂರಬೇಕಿತ್ತು. ಗುಂಟೆಯೂ ಇಲ್ಲೇ ಬರುತ್ತದೆ. ಅರ್ಧ ಸರಪಳಿ ಉದ್ದ, ಅರ್ಧ ಸರಪಳಿ ಅಗಲ, ಅಂದರೆ 33 ಅಡಿಗೆ 33 ಅಡಿ. ಅಂಥ 40 ಸೇರಿದರೆ ಎಕರೆ.

ಅಳತೆಗೋಲು
ಗುಂಟೆಗೆ 1089 ಚದರ ಅಡಿ ಯಾಕೆ ಅಂತ ಈಗ ಗೊತ್ತಾಯ್ತು! ಉರು ಹೊಡೆದಿದ್ದೆ ಅಷ್ಟೇ.

ಉತ್ತರದಿಕ್ಕು
ಅಡಿ ಕಲಸಿಹೋಗುವ ಮಾತು ಬಂತಲ್ಲ, ಸ್ವೀಡನ್ನಿನ ವಾಸಾ ಹಡಗು ನೋಡಿ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿತು. ಮೇಲೆತ್ತಿದ ಮೇಲೆ ಬಡಗಿಗಳ ನಾಲ್ಕು ಅಳತೆಪಟ್ಟಿ ಸಿಕ್ಕವು. ಎರಡರಲ್ಲಿ 12 ಇಂಚಿನ ಸ್ವೀಡನ್ ಅಡಿ, ಇನ್ನೆರಡರಲ್ಲಿ 11 ಇಂಚಿನ ಆಮ್‌ಸ್ಟರ್‌ಡಾಮ್ ಅಡಿ.

ಸುಮ್ನೆಬಂದೆ
ಅದಕ್ಕೇ ಮುಳುಗಿತು!

ಉತ್ತರದಿಕ್ಕು
ಮುಖ್ಯ ಕಾರಣ ಅದಲ್ಲ, ಮೇಲ್ಭಾಗದ ತೂಕ ಜಾಸ್ತಿಯಾಗಿತ್ತು. ಹಡಗಿನ ಎರಡು ಬದಿ ಒಂದೇ ಥರ ಇಲ್ಲದ್ದಕ್ಕೆ ಈ ಪಟ್ಟಿಗಳತ್ತ ಬೊಟ್ಟು ಮಾಡುತ್ತಾರೆ.

ಅಳತೆಗೋಲು
ಎಲ್ಲ ಸೇರಿಸಿ ಹೀಗೆ ಮಾಡಿದ್ದೇನೆ. ಪ್ರತಿ ಅಳತೆಗೆ ಕನಿಷ್ಠ, ಗರಿಷ್ಠ ಎರಡು ಸಂಖ್ಯೆ. ಎರಡೂ ಒಂದೇ ಇದ್ದರೆ 'ನಿಗದಿ' ಅಂತ ಪಕ್ಕದಲ್ಲಿ ಗುರುತು, ದಶಮಾಂಶ ಕೇಳಿದಷ್ಟು. ಬೇರೆ ಇದ್ದರೆ ಉತ್ತರ ವ್ಯಾಪ್ತಿಯಾಗಿ, ಎರಡು ಅಂಕಿಗೆ ರೌಂಡ್ ಮಾಡಿ. ಯೋಜನಕ್ಕೆ ಒತ್ತಿದರೆ ಯಾರ ಯೋಜನ ಅಂತ ಆರಿಸಿಕೊಳ್ಳಬಹುದು. ಹ್ಯಾಂಡಿಗೆ ಎರಡು ಪೆಟ್ಟಿಗೆ, ಶೂ ಸೈಜಿಗೆ ಬೇರೆ ಪುಟ. ಕೂಗಳತೆ ಮುಂದಿನ ಆವೃತ್ತಿಗೆ 😄

ಒಂದು ಸಂಶಯ ಉಳಿದಿದೆ. ವ್ಯಾಪ್ತಿ ಇರುವ ಎರಡು ಅಳತೆ ಎದುರುಬದುರಾದರೆ? ಉದಾಹರಣೆಗೆ ಯೋಜನದಿಂದ ಸ್ಟೇಡಿಯಾಕ್ಕೆ.

ಬಿಟ್‌ಬೈಟ್
ಕನಿಷ್ಠವನ್ನು ಗರಿಷ್ಠದಿಂದ ಭಾಗಿಸಿ, ಗರಿಷ್ಠವನ್ನು ಕನಿಷ್ಠದಿಂದ. 8000ವನ್ನು 185ರಿಂದ, 14,600ನ್ನು 157.5ರಿಂದ. 43ರಿಂದ 93 ಸ್ಟೇಡಿಯಾ.

ಚುಕ್ಕಿಪುಟ
43ರಿಂದ 93 ಅಂದ್ರೆ ಏನೂ ಹೇಳಿದ ಹಾಗೇ ಆಗಲಿಲ್ವಲ್ಲ.

ದಶಮಾಂಶ
ಯಾರ ಯೋಜನ, ಯಾರ ಸ್ಟೇಡಿಯಾ ಅಂತ ಹೇಳದೇ ಕೇಳಿದರೆ ಗೊತ್ತಿರುವುದೇ ಅಷ್ಟು.

ಹಳೇಸರಪಳಿ
ವಿಸ್ತೀರ್ಣ ಯಾವಾಗ ಸೇರಿಸುತ್ತೀರಿ? ಆಗ ಗುಣಕವನ್ನೂ ವರ್ಗ ಮಾಡಬೇಕು, ಮರೆಯಬೇಡಿ. ಮೀಟರಿಗೆ 3.28 ಅಡಿ, ಚದರ ಮೀಟರಿಗೆ 10.76 ಚದರ ಅಡಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಎಕರೆ-ಸೆಂಟು-ಗುಂಟೆಯವರು ಎಲ್ಲ ಅಲ್ಲಿಗೆ ಬರುತ್ತೇವೆ.